ತಣ್ಣನೆಯ ಸ್ಟೀಮರ್, ಬಿಸಿ ಬಳೆ

ಕರೆಂಟಿಲ್ಲ, ನೀರಿಲ್ಲ, ಬೆಂಕಿಯಂತೂ ಇಲ್ಲವೇ ಇಲ್ಲ. ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದ ಖಾಲಿ ಇಡ್ಲಿ ಸ್ಟೀಮರ್ ಅದು. ನನ್ನ ಹೆಂಡತಿ ಮೊದಲು ಗಾಜಿನ ಬಳೆಗಳನ್ನು ಮೊಳಕೈವರೆಗೆ ಏರಿಸಿಕೊಂಡಳು. ಮುಖ ಎಡಕ್ಕೆ ತಿರುಗಿಸಿದಳು. ಆಮೇಲೆ ಅದರ ಬಾಗಿಲು ಎಳೆದಳು.

ಅಂಗಡಿಯ ಖಾದರ್‌ಸಾಬ್ ನಕ್ಕುಬಿಟ್ಟರು. "ಅಕ್ಕಾ, ಖಾಲಿ ಡಬ್ಬಿ ಐತ್ರಿ. ಕಚ್ಚಂಗಿಲ್ಲ!"

ಅವಳೂ ನಕ್ಕಳು. ನಾನೂ ನಗಬೇಕಿತ್ತು. ಆಗಲಿಲ್ಲ.

ಬಳ್ಳಾರಿ ಊರಹೊರಗೆ ನಮ್ಮದೊಂದು ಹೋಟೆಲ್ ಇದೆ. ಸಾಲಿ ಅರ್ಧಕ್ಕೆ ಬಿಟ್ಟವನು ನಾನು. ಹೋಟೆಲ್ ಮಾತ್ರ ಒಂದು ದಿನವೂ ಬಿಟ್ಟವನಲ್ಲ. ಈಗ ಮೈನಿಂಗ್ ಜೋರು. ಬೆಳಗಾದರೆ ಲಾರಿಗಳ ಸಾಲು. ಡ್ರೈವರ್‌ಗಳು ಮುಖ ತೊಳೆದರೆ ಬಚ್ಚಲಲ್ಲಿ ಕುಂಕುಮ ಕಲಸಿದ ಹಾಗೆ ಕೆಂಪು ನೀರು. ಎಲ್ಲರಿಗೂ ಅರ್ಜೆಂಟು. "ಇಡ್ಲಿ ಏನಾತ್ರೀ?" ಅನ್ನೋದೊಂದೇ ಕೂಗು. (ಇಡ್ಲಿ ಬೇಯೋದು ಉಗಿಯಲ್ಲಿ; ಉಗಿಯೋದು ಅಂದರೆ ಬೈಯೋದೂ ಹೌದಲ್ಲ? ತಡವಾದರೆ ಆ ಉಗಿತವೂ ಅವಳಿಗೇ.)

ಅದಕ್ಕೇ ಸ್ಟೀಮರ್ ನೋಡಲು ಹೋಗಿದ್ದು. ನನ್ನ ಕಣ್ಣು ಬೀರುವಿನಷ್ಟು ಎತ್ತರದ್ದರ ಮೇಲೆ. ರಸ್ತೆಯಲ್ಲಿ ಹೋಗುವವರಿಗೂ ಅದು ಕಾಣಬೇಕು. ಕಾಣದಿದ್ದರೆ ದೊಡ್ಡದು ತಂದು ಏನು ಸುಖ?

ಆದರೆ ಆ ಎಡಕ್ಕೆ ತಿರುಗಿದ ಮುಖ?

ಕುರುಗೋಡಿನಿಂದ ಮದುವೆಯಾಗಿ ಬಂದಾಗಿನಿಂದ ಅವಳೇ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ. ನಾನು ಗಲ್ಲಾದ ಮುಂದೆ, ಅಡುಗೆಮನೆಗೆ ಬೆನ್ನು ಹಾಕಿ. ಮುಚ್ಚಳದ ಸದ್ದು ಕೇಳಿದ್ದೇನೆ. ತೆಗೆಯೋದನ್ನು ಎಂದಾದರೂ ನೋಡಿದ್ದೇನೆಯೇ?

"ಬಳಿ ಯಾಕ ಮ್ಯಾಲೇರಿಸ್ದಿ?" ಅಂದೆ.

"ಉಗಿಗೆ ಕಾಯ್ತಾವ್ರಿ. ಕಾದು ಕೈ ಸುಡ್ತಾವ."

"ಕೆಲಸದಾಗ ತೆಗೆದಿಡಬಾರ್ದೇನು?"

"ನೀವು ಗುಂಡಕಲ್ಲಿನಂಗ ಗಲ್ಲಾದಾಗ ಕುಂತಿರ್ತೀರಿ. ನಾ ಯಾಕ ಬಳಿ ತೆಗೀಲಿ?"

ಖಾದರ್‌ಸಾಬ್ ಒಂದು ಪೈಪು ಒರೆಸತೊಡಗಿದರು.

ಅವಳ ಮಣಿಕಟ್ಟು ನೋಡಿದೆ. ಸುತ್ತಲೂ ಸಣ್ಣ ಸಣ್ಣ ಕಪ್ಪು ಗೆರೆಗಳು. ಅದು ಬಳೆಯ ಬಣ್ಣ ಬಿಟ್ಟದ್ದು ಅಂದುಕೊಂಡಿದ್ದೆ ಇಷ್ಟು ದಿನ.

"ಸಾಬ್ರೆ, ಈ ಬೀರು ಬ್ಯಾಡ. ಸೊಂಟದ ಎತ್ತರದ್ದು ತೋರಿಸ್ರಿ. ಬಾಗಿಲಾ ತೆಗಿಯೋಕಿಂತ ಮೊದಲ ಉಗಿ ಹೊರಗ ಹೋಗಬೇಕು," ಅಂದೆ.

ಮೂಲೆಯಲ್ಲಿತ್ತು ಅಂಥದ್ದು. ಗಿಡ್ಡ. ಒಂದು ನಲ್ಲಿ ತಿರುಗಿಸಿದರೆ ಒಳಗಿನ ಉಗಿಯೆಲ್ಲ ಪೈಪಿನಲ್ಲಿ ಗೋಡೆಯಾಚೆ ಹೋಗುತ್ತದಂತೆ.

"ಖರೇ ಹೇಳ್ತೀನಿ, ಇದ್ರಾಗ ಇಡ್ಲಿ ತಟ್ಟಿ ಕಡಿಮಿ," ಅಂದರು ಸಾಬ್ರು. "ಉಗಿ ಹೋಗೋತನಕ ಬ್ಯಾರೆ ಕಾಯಬೇಕು."

ಇವಳು ನಡುವೆ ಬಂದಳು. "ಬ್ಯಾಡ್ರಿ! ಲಾರಿ ಮಂದಿ ಕಾಯ್ತಾರೇನು? ದೊಡ್ಡದ ತಗೋರಿ. ನನಗ ರೂಢಿ ಐತಿ."

"ಅವ್ರಿಗೂ ಕಾಯೋದು ರೂಢಿ ಆಗ್ಲಿ ಬಿಡು," ಅಂದೆ.

ಮೊನ್ನೆ ಗಿಡ್ಡ ಸ್ಟೀಮರ್ ಬಂತು. ಹೊರಗೆ ಯಥಾಪ್ರಕಾರ ಕೂಗು. "ಏನ್ ಮಾಲಕ್ರೆ, ಹೊಸಾ ಮಷಿನ್ ನಿದ್ದಿ ಹೊಡಿಯಾಕತ್ತೈತೇನು?" "ಉಗಿ ಹೊರಗ ಹೋಗಾಕತ್ತೈತಿ, ಕುಂದರ್ರಿ!" ಅಂದೆ. ಅಂದು, ಗಲ್ಲಾ ಬಿಟ್ಟು ಒಳಗೆ ಹೋಗಿ ಅವಳ ಎಡಕ್ಕೆ ನಿಂತೆ.

ನಲ್ಲಿ ತಿರುಗಿಸಿದಳು. ಗೋಡೆಯಾಚೆ ಬುಸ್ ಅಂತು. ಸದ್ದು ನಿಲ್ಲುವತನಕ ಕಾದಳು. ಇನ್ನೇನೂ ಭಯವಿಲ್ಲ. ಆದರೂ ಬಳೆಗಳು ಮೊಳಕೈಗೆ ಏರಿದವು. ಮುಖ ಎಡಕ್ಕೆ ತಿರುಗಿತು.

ತಿರುಗಿದರೆ ಎದುರಿಗೆ ನಾನು. ಬಾಗಿಲ ಮೇಲಿನ ಕೈ ಅಲ್ಲೇ ನಿಂತಿತು. ಆಮೇಲೆ ಕೇಳಿದಳು:

"ಇಲ್ಲಿ ಬಂದು ನಿಂತೀರಲ್ಲ, ಗಲ್ಲಾದಾಗ ಯಾರದಾರ?"