ಹಾರ್ನ್ ಕತ್ತರಿಸಿದ ಮೇಲೆ ಉಳಿದ ಏಳು

ಎಳನೀರಿನವನ ಮಚ್ಚಿನಿಂದ ಎಲ್ಲ ಶುರುವಾಯಿತು ಎಂದು ನಾನು ಹೇಳಿದರೆ ನನ್ನ ವಿದ್ಯಾರ್ಥಿಗಳು ಒಪ್ಪುವುದಿಲ್ಲ. ಕುಕ್ಕರಿನಿಂದ ಮಿಸ್, ಅನ್ನುತ್ತಾರೆ. ಅವರಿಗೂ ಖಚಿತ, ನನಗೂ ಖಚಿತ. ಮನಶ್ಶಾಸ್ತ್ರದಲ್ಲಿ ಎಂ.ಎ. ಓದಿದ ನನಗೆ ಅಲ್ಲಿಂದ ಉಳಿದುಕೊಂಡ ಒಂದೇ ಪಾಠವೆಂದರೆ, ನೆನಪನ್ನು ತೆರೆದಾಗಲೆಲ್ಲ ನಾವು ಅದನ್ನು ಅಷ್ಟಿಷ್ಟು ತಿದ್ದಿ ಹಳೆಯದರ ಮೇಲೆಯೇ ಸೇವ್ ಮಾಡಿಬಿಡುತ್ತೇವೆ ಎನ್ನುವುದು. ಮೂಲ ಪ್ರತಿ ಎಲ್ಲೂ ಇರುವುದಿಲ್ಲ. ಅದಕ್ಕೇ ಡೈರಿ ಬರೆಯುತ್ತೇನೆ. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ, ಯಾಕೆಂದರೆ ಅದನ್ನು ಬರೆದವಳೂ ನಾನೇ. ಶಾಲೆಯ ವಾರ್ಷಿಕೋತ್ಸವದ ದಿನ ಅದರಲ್ಲಿರುವುದು ಇಷ್ಟು: "ಕೈ ನಿಂತಿತು. ಆಮೇಲೆ, ಅಯ್ಯೋ!!!" ಮೂರು ಆಶ್ಚರ್ಯಸೂಚಕ ಚಿಹ್ನೆಗಳು. ಸಾಮಾನ್ಯವಾಗಿ ನಾನು ಒಂದನ್ನು ಹಾಕಲೂ ಹಿಂದೆಮುಂದೆ ನೋಡುವವಳು.

ಶಾಲೆ ಇರುವುದು ಜಯನಗರದಲ್ಲಿ. ನಾನು ಜೆ.ಪಿ. ನಗರದ ಒಂದು ಪುಟ್ಟ ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ಸದ್ದು ಹೊಂದಿಸುವ ಕೆಲಸ ಮಾಡುತ್ತೇನೆ; ಬಿಸ್ಕತ್ತು ಮುರಿದ ಸದ್ದು, ಚಹಾ ಸುರಿದ ಸದ್ದು, ಸಂತೃಪ್ತ ಗೃಹಿಣಿಯ ನಿಟ್ಟುಸಿರು. ಶಾಲೆಯ ಹೆಡ್‌ಮಿಸ್ ನನ್ನನ್ನು ಕರೆಸಿ, "ಮಕ್ಕಳು ಹೇಗೂ ಫೋನು ಕಂಪ್ಯೂಟರು ಅಂತ ಬಿದ್ದಿರ್ತಾರೆ. ಅದರಲ್ಲೇ ಸಂಗೀತ ಮಾಡೋದು ಹೇಳ್ಕೊಡಿ. ಆದ್ರೆ ಡೀಸೆಂಟಾಗಿರ್ಬೇಕು" ಎಂದರು. ಡೀಸೆಂಟ್ ಎನ್ನುವುದು ಅವರ ತಾರಕಮಂತ್ರ. ಶುಕ್ರವಾರದ ಕೊನೆಯ ಎರಡು ಪೀರಿಯಡ್, ಒಂಬತ್ತನೇ ಕ್ಲಾಸು, ಕಂಪ್ಯೂಟರ್ ಲ್ಯಾಬು ನನ್ನದಾಯಿತು.

ಮೊದಲ ಹೋಂವರ್ಕ್: ಮನೆಯಿಂದಲೋ ದಾರಿಯಿಂದಲೋ ಒಂದೊಂದು ಸದ್ದು ಹಿಡಿದು ತನ್ನಿ. ಮುಂದಿನ ಶುಕ್ರವಾರ ಲ್ಯಾಬು ಸಂತೆಯಾಯಿತು. ಮಿಕ್ಸಿ, ಮೆಟ್ರೋ ಬಾಗಿಲು, ಬೀದಿನಾಯಿಯ ಆಕಳಿಕೆ. ಹುಳಿಮಾವಿನಿಂದ ಬರುವ ಹುಡುಗನೊಬ್ಬ ಇದ್ದ. ಅವರ ತಾತ ಅಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು. "ಬೆಳಿಗ್ಗೆ ನಮ್ ಬಿಲ್ಡಿಂಗಲ್ಲಿ ಎಲ್ಲಾರ್ ಕುಕ್ಕರೂ ಒಟ್ಗೇ ಕೂಗುತ್ತೆ ಮಿಸ್, ಸಖತ್ತಾಗಿರುತ್ತೆ, ಕೇಳಿ" ಎಂದು ಹಾಕಿದ. ನಿಜಕ್ಕೂ ಸಖತ್ತಾಗಿತ್ತು. ಹತ್ತಾರು ಕುಕ್ಕರುಗಳು ಒಂದನ್ನೊಂದು ಕೂಗಿ ಕರೆಯುತ್ತಿದ್ದವು, ನಡುವೆ ಅವನಮ್ಮನ ದನಿ: "ಟಿಫನ್ ಬಾಕ್ಸ್ ಎಲ್ಲೋ?" ಆ ಮೂರು ಪದಗಳನ್ನು ಕತ್ತರಿಸಿ ಹಿಂದೆಮುಂದೆ ಜೋಡಿಸುವುದನ್ನು ತೋರಿಸಿದೆ. ಎಲ್ಲೋ, ಎಲ್ಲೋ, ಟಿಫನ್ ಎಲ್ಲೋ. ಕೆಳಗೊಂದು ಡ್ರಮ್ ಕೂಡಿಸಿದೆ. ಇಡೀ ಕ್ಲಾಸು ಬೆಂಚು ಬಿಟ್ಟೆದ್ದು ಕುಣಿಯಿತು. ಅಂದಿನಿಂದ ಲ್ಯಾಪ್‌ಟಾಪು ಆ ಹುಡುಗನ ಕೈಗೇ ಸೇರಿತು.

ಎಳನೀರಿನ ಸದ್ದನ್ನು ತಂದವಳು ಹಾಡುವ ಹುಡುಗಿ. ಜಯನಗರದಲ್ಲೇ ಹುಟ್ಟಿ ಬೆಳೆದವಳು, ಅಕ್ಷರ ಕಲಿಯುವ ಮೊದಲೇ ಸಂಗೀತದ ಸರಳೆ ಕಲಿತವಳು. ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಪಕ್ಕದಲ್ಲಿ ಎಳನೀರು ಕೆತ್ತುವ ಸದ್ದು ಅದು: ಟಕ್, ಟಕ್, ಟಕ್ಕಟ, ಕೊನೆಯಲ್ಲಿ ಹಿಂದಿನಿಂದ ಯಾವುದೋ ಸ್ಕೂಟರಿನ 'ಪೀಂ'. ಎಣಿಸಿದರೆ ಸರಿಯಾಗಿ ಎಂಟು ಏಟಿನ ಸುತ್ತು. ಎಂಟನೆಯ ಏಟೇ ಹಾರ್ನು. ಅದನ್ನು ಲೂಪ್ ಮಾಡಿದೆವು. ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ, ಗಾಣದ ಎತ್ತಿನಂತೆ. ಅದರ ಮೇಲೆ ಪ್ರತಿಯೊಬ್ಬರೂ ಬಾಯಿಗೆ ಬಂದದ್ದು ಹಾಡಬೇಕು ಎಂದೆ.

"ಏನು ಹಾಡ್ಲಿ ಮಿಸ್?" ಎಂದಳು ಹುಡುಗಿ.

"ಏನಾದ್ರೂ."

"ಯಾವ್ದು ಏನಾದ್ರೂ?"

"ಏ, ಸುಮ್ನೆ ಕೂಗೇ ಮಗಾ" ಎಂದ ಲ್ಯಾಪ್‌ಟಾಪ್ ಹುಡುಗ, "ನಾನೇ ಕೂಗಿದೀನಿ, ನಂದು ಕತ್ತೆ ವಾಯ್ಸು."

ಅವಳು ಬಾಯಿ ತೆರೆದಳು. ಸದ್ದು ಬರಲಿಲ್ಲ. ಎಷ್ಟು ಕಷ್ಟದ ಕೃತಿಯನ್ನಾದರೂ ನೆಲಕ್ಕೆ ಬೀಳಿಸದೆ ಹಾಡುವವಳಿಗೆ, ಯಾರೂ ಹೇಳಿಕೊಡದ ಒಂದು ಸ್ವರ ಹೊರಡಲಿಲ್ಲ. ಎಳನೀರು ಸುತ್ತುತ್ತಲೇ ಇತ್ತು, ಪೀಂ, ಪೀಂ.

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲ ಬಳಿ ತಾನಾಗಿಯೇ ಹೇಳಿದಳು. ಅವಳ ತಾತ ನಿವೃತ್ತ ಗಣಿತದ ಮೇಷ್ಟ್ರು. ದಿನಾ ಸಂಜೆ ಇವಳು ಹಾಡುವಾಗ ಎದುರು ಕೂತು ತೊಡೆಯ ಮೇಲೆ ತಾಳ ಹಾಕುತ್ತಾರೆ. "ತಪ್ಪಾದ್ರೆ ಬೈಯಲ್ಲ ಮಿಸ್. ಕೈ ನಿಲ್ಲಿಸ್ತಾರೆ."

"ನಿಲ್ಲಿಸ್ತಾರೆ ಅಂದ್ರೆ?"

"ಗಾಳೀಲಿ. ಹಿಂಗೆ." ಅಂಗೈ ಅರ್ಧದಲ್ಲಿ ನಿಲ್ಲಿಸಿ ತೋರಿಸಿದಳು. ಟ್ರಾಫಿಕ್ ಪೊಲೀಸಿನವರಂತಲ್ಲ, ಹಾರುತ್ತಿದ್ದ ಹಕ್ಕಿ ಇದ್ದಕ್ಕಿದ್ದಂತೆ ಹಾರುವುದನ್ನು ಮರೆತಂತೆ. ಆಮೇಲೆ ಅವಳು ಹೇಳಿದ್ದು: "ಸ್ಕೂಲ್ ಡೇಗೆ ತಾತ ಫಸ್ಟ್ ರೋನಲ್ಲಿ ಕೂತ್ಕೋತಾರೆ. ನಂಗೆ ಒಂದ್ಸಲ ನಂದೇ ಹಾಡ್ಬೇಕು ಮಿಸ್, ಅವ್ರ ಮುಂದೆ. ಕೈ ನಿಲ್ದಂಗೆ."

ಅಷ್ಟೇ ಅವಳ ಆಸೆ. ಆಮೇಲಿನ ಶುಕ್ರವಾರಗಳೆಲ್ಲ ಅದಕ್ಕೇ ಹೋದವು. ಮೊದಲು ಒಂದೇ ಸ್ವರ, ಎಷ್ಟು ಹೊತ್ತು ಬೇಕಾದರೂ. ಆಮೇಲೆ ಎರಡು. ತಪ್ಪಿದರೆ ನಿಲ್ಲಿಸಬೇಡಿ, ಅದೇ ತಪ್ಪನ್ನು ಮತ್ತೆ ಮಾಡಿ, ಬೇಕೆಂದೇ ಮಾಡಿದ್ದು ಅನ್ನಿಸುತ್ತದೆ ಎಂದು ನಾನು ಹೇಳಿದ್ದೆನಂತೆ. ನಾನು ಹೇಳಿದ ನೆನಪಿಲ್ಲ, ಆದರೆ ಇಡೀ ಕ್ಲಾಸು ಇದನ್ನು ನನ್ನ ಹೆಸರಿನಲ್ಲಿ ಬೇರೆ ಪೀರಿಯಡ್‌ಗಳಲ್ಲೂ ಬಳಸಿ, ಗಣಿತದ ಟೀಚರು ನನ್ನನ್ನು ಸ್ಟಾಫ್ ರೂಮಿನಲ್ಲಿ ಓರೆಗಣ್ಣಿನಿಂದ ನೋಡುವಂತಾಯಿತು. ಹುಡುಗಿಗೆ ಧೈರ್ಯ ಕೊಟ್ಟದ್ದು ಮಾತ್ರ ನನ್ನ ಉಪದೇಶವಲ್ಲ, ಆ ಹಾರ್ನು. ಎಲ್ಲಿಗೆ ಅಲೆದರೂ 'ಪೀಂ' ಕೇಳಿದರೆ ಮುಂದಿನ ಏಟಿಗೆ ಮನೆ ಸೇರಬಹುದು ಎಂದು ಅವಳಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಏಳೆಂಟು ಸುತ್ತು ಎಲ್ಲೆಲ್ಲೋ ಓಡಾಡಿ ಬಂದು ಸರಿಯಾಗಿ ಇಳಿದಳು. ಇಳಿದು ತಾನೇ ಕಿರುಚಿಕೊಂಡಳು.

ರಿಹರ್ಸಲ್ ನೋಡಲು ಹೆಡ್‌ಮಿಸ್ ಬಂದರು. ಕುಕ್ಕರು ಪಾಸಾಯಿತು. ಟಿಫನ್ ಬಾಕ್ಸಿಗೆ ನಕ್ಕರು. ಎಳನೀರು ಬಂದಾಗ ಹುಬ್ಬು ಗಂಟಾಯಿತು. "ಅದೇನ್ರೀ ಹಾರ್ನು? ರೋಡಲ್ಲಿ ಕೇಳಿ ಸಾಲ್ದು ಅಂತ ಪೇರೆಂಟ್ಸ್ ಇಲ್ಲಿಗೆ ಬಂದು ಕೇಳ್ಬೇಕಾ? ತೆಗ್ಸಿ. ಡೀಸೆಂಟಾಗಿರ್ಲಿ."

ವಾರ್ಷಿಕೋತ್ಸವದ ಬೆಳಿಗ್ಗೆ ಹುಡುಗ ಹಾರ್ನ್ ತೆಗೆದ. "ಹಾರ್ನ್ ಇಲ್ದೆ ನಡೆಯುತ್ತಾ?" ಎಂದು ಹುಡುಗಿಯನ್ನು ಕೇಳಿದೆ. "ಮನಸ್ಸಲ್ಲೇ ಕೇಳ್ಸ್ಕೋತೀನಿ ಮಿಸ್" ಎಂದಳು. ನಾನು ಮೈಕಿನ ವೈರುಗಳ ಜೊತೆ ಗುದ್ದಾಡಲು ಹೋದೆ.

ಸಂಜೆ ಮೈದಾನದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಎಲ್ಲೆಲ್ಲೂ ಬಲೂನು. ಮೊದಲ ಸಾಲಿನಲ್ಲಿ ತಾತ. ನನ್ನ ನೆನಪಿನಲ್ಲಿ ಅವರು ಕಂದು ಸ್ವೆಟರ್ ಹಾಕಿದ್ದಾರೆ. ಶಾಲೆಯವರು ತೆಗೆಸಿದ ವಿಡಿಯೋದಲ್ಲಿ ಬಿಳಿ ಷರ್ಟು. ನಮ್ಮ ಸರದಿ ಬಂತು. ಕುಕ್ಕರುಗಳು ಕೂಗಿದವು, ಹಿಂದಿನ ಸಾಲಿನಿಂದ ಹುಡುಗನ ಅಮ್ಮ "ಅಯ್ಯಯ್ಯೋ, ಇದು ನನ್ ವಾಯ್ಸು ಕಣ್ರೀ!" ಎಂದು ಚೀರಿದರು, ಜನ ಹೋ ಎಂದರು. ಆಮೇಲೆ ಡ್ರಮ್ಮು, ಅದರ ಮೇಲೆ ಎಳನೀರು. ತಾತನ ಕೈ ತೊಡೆಯ ಮೇಲೆ ಸಲೀಸಾಗಿ ಎಂಟರ ತಾಳ ಹಾಕತೊಡಗಿತು. ಹುಡುಗಿ ಮೊದಲ ಸ್ವರ ಹಿಡಿದಳು.

ಎರಡನೆಯ ಸುತ್ತಿಗೆ ಮಚ್ಚು ಒಂದು ಏಟು ಮೊದಲೇ ಬಿತ್ತು.

ಮೂರನೆಯದಕ್ಕೆ ಎರಡು ಏಟು ಮೊದಲು. ನನಗೆ ಆಗ ಹೊಳೆಯಿತು: ಹುಡುಗ ಹಾರ್ನಿನ ಸದ್ದನ್ನಷ್ಟೇ ಅಳಿಸಿರಲಿಲ್ಲ, ಅದು ಕೂತಿದ್ದ ಜಾಗದ ಸಮೇತ ಕತ್ತರಿಸಿ ಎಸೆದಿದ್ದ. ಎಂಟನೆಯ ಏಟೇ ಹೋಗಿ ಎಳನೀರು ಏಳಕ್ಕೆ ಸುತ್ತುತ್ತಿತ್ತು, ಡ್ರಮ್ಮು ಎಂಟಕ್ಕೇ ಇತ್ತು. ಇಬ್ಬರು ಜೊತೆಯಲ್ಲಿ ವಾಕಿಂಗ್ ಹೊರಟು ಒಬ್ಬರ ಹೆಜ್ಜೆ ಮಾತ್ರ ಗಿಡ್ಡವಾದಂತೆ.

ತಾತನ ಕೈ ನಿಂತಿತು. ಗಾಳಿಯಲ್ಲಿ.

ಹುಡುಗಿ ಅದನ್ನು ನೋಡಿದಳು. ದನಿ ತುಂಡಾಯಿತು. ಲ್ಯಾಪ್‌ಟಾಪ್ ಹುಡುಗ ನನ್ನತ್ತ ತಿರುಗಿ, "ಮಿಸ್, ನಿಲ್ಲಿಸ್ಲಾ?" ಎಂದ, ಅವನ ಮುಖ ಇಡ್ಲಿಯ ಬಣ್ಣಕ್ಕೆ ತಿರುಗಿತ್ತು. ನಾನು ಬೇಡವೆಂದು ಗಂಭೀರವಾಗಿ ತಲೆಯಾಡಿಸಿದೆನೆಂದು ಅವನು ಇವತ್ತಿಗೂ ಎಲ್ಲರಿಗೂ ಹೇಳುತ್ತಾನೆ. ನನಗನ್ನಿಸುವಂತೆ ನಾನು ಕಲ್ಲಾಗಿದ್ದೆ, ಬಹುಶಃ ನಡುಗಿರಬಹುದು. ಹುಡುಗಿಯಂತೂ ನನ್ನ ಕಡೆ ನೋಡಲೇ ಇಲ್ಲವಂತೆ. ಅವಳು ನೋಡುತ್ತಿದ್ದುದು ಆ ಕೈಯನ್ನೇ. ನೋಡುತ್ತಲೇ, ಮಚ್ಚು ಮೊದಲ ಏಟಿಗೆ ಬಿದ್ದಾಗಲೆಲ್ಲ ಒಂದು 'ಸ' ಇಟ್ಟಳು. ಚಿಕ್ಕ 'ಸ', ಎಳನೀರಿನ ಮುಚ್ಚಳದಷ್ಟು. ಮತ್ತೊಂದು ಸುತ್ತು, ಮತ್ತೊಂದು 'ಸ'. ತಪ್ಪನ್ನೇ ಮತ್ತೆ ಮಾಡುತ್ತಿದ್ದಳು.

ಕೈ ಕೆಳಗಿಳಿಯಿತು. ಬಲದೊಡೆಯ ಮೇಲೆ ಏಳು ಎಣಿಸತೊಡಗಿತು. ಮತ್ತೆ ಎಡಗೈಯೂ ಎದ್ದು ಎಡದೊಡೆಯ ಮೇಲೆ ಡ್ರಮ್ಮಿನ ಎಂಟನ್ನು ಹಿಡಿಯಿತು. ತಾತನ ಕುತ್ತಿಗೆ ಯಾವ ಕಡೆ ಆಡಬೇಕೆಂದು ತಿಳಿಯದೆ ಎರಡೂ ಕಡೆ ಆಡಿತು. ಒಮ್ಮೆಲೇ ಪಕ್ಕದವರ ಕಡೆ ವಾಲಿ, ತರಗತಿಯಲ್ಲಿ ಕೂಗುವ ಗಂಟಲಿನಲ್ಲಿ ಕೂಗಿದರು: "ಏಳೆಂಟ್ಲ ಐವತ್ತಾರು! ಐವತ್ತಾರಕ್ಕೆ ಎರಡೂ ಸೇರುತ್ತೆ ಕಣ್ರೀ, ನೋಡ್ತಿರಿ!"

ಜಯನಗರದ ಹಿರಿಯರ ಸಾಲಿಗೆ ಇದಕ್ಕಿಂತ ಏನು ಬೇಕು. ಬೆರಳುಗಳು ಎದ್ದವು. ಅರ್ಧ ಸಾಲು ಏಳಕ್ಕೆ, ಅರ್ಧ ಸಾಲು ಎಂಟಕ್ಕೆ. "ನಿಮ್ದು ತಪ್ಪು, ನಿಮ್ದು ತಪ್ಪು" ಎಂಬ ಪಿಸುಮಾತು. ಹುಡುಗಿಯೂ ಐವತ್ತಾರನ್ನು ಕೇಳಿಸಿಕೊಂಡಿದ್ದಳು. ಗಣಿತದ ಮೇಷ್ಟ್ರ ಮೊಮ್ಮಗಳಲ್ಲವೇ. ಹಾಡು ಏರತೊಡಗಿತು. ಮೊದಲ ಸಲ ಮಚ್ಚೂ ಡ್ರಮ್ಮೂ ಸೇರಿದವು, ಅವಳು ಕೂದಲೆಳೆಯಷ್ಟರಲ್ಲಿ ತಪ್ಪಿದಳು. "ಛೆ!" ಎಂದಿತು ಇಡೀ ಸಾಲು, ಕ್ಯಾಚ್ ಬಿಟ್ಟಾಗ ಅನ್ನುವಂತೆ. ಮುಂದಿನ ಸಲ ಅವಳು ಮೊದಲೇ ಹೊರಟಳು, ಅವಳ ದನಿ ಎಲ್ಲೆಲ್ಲೋ ಹತ್ತಿ, ಜಾರಿ, ನಕ್ಕು, ಹೌದು, ನಕ್ಕಿತು, ಮಚ್ಚು ಡ್ರಮ್ಮು ಹುಡುಗಿ ಮೂರೂ ಒಂದೇ ಏಟಿಗೆ ದಬಕ್ಕನೆ ಇಳಿದವು.

"ಹೋ!" ಎಂದು ಮೊದಲ ಸಾಲು ಎದ್ದೇ ನಿಂತಿತು. ಏನನ್ನು ಎಣಿಸುತ್ತಿದ್ದಾರೆಂದು ತಿಳಿಯದ ಹಿಂದಿನ ಸಾಲಿನ ಹುಡುಗರೂ ಹೋ ಎಂದರು. ನಾನು ನೆಗೆದೆನೆಂದು ಕಾಣುತ್ತದೆ, ಮಾರನೆಯ ದಿನ ಮೊಣಕಾಲು ನೋಯುತ್ತಿತ್ತು. ಸಮಯ ಮೀರಿದೆಯೆಂದು ಪಕ್ಕದಲ್ಲಿ ನಿಂತು ಕೈಬೀಸುತ್ತಿದ್ದ ಹೆಡ್‌ಮಿಸ್ ಕೈ ಕೂಡ ಎಂಟಕ್ಕೆ ಬೀಸತೊಡಗಿತ್ತು. ಮೂರನೆಯ ಐವತ್ತಾರಕ್ಕೆ ಲ್ಯಾಪ್‌ಟಾಪ್ ಹುಡುಗನಿಗೆ ರಕ್ತ ಮತ್ತೆ ಮುಖಕ್ಕೆ ಬಂದು, ಸೇರುವ ಏಟಿಗೆ ಸರಿಯಾಗಿ ಅವನಮ್ಮನನ್ನು ಒತ್ತಿದ: "ಟಿಫನ್ ಬಾಕ್ಸ್ ಎಲ್ಲೋ?"

"ಇಲ್ಲೇ!" ಎಂದಿತು ಇಡೀ ಶಾಮಿಯಾನ.

ಮುಗಿದ ಕೂಡಲೇ ತಾತ ವೇದಿಕೆಯ ಬಳಿಗೆ ಬಂದರು. ಮೊಮ್ಮಗಳನ್ನು ದಾಟಿ, ನನ್ನನ್ನು ದಾಟಿ ಹೋಗಿ, "ಈ ಲೆಕ್ಕ ಯಾರದ್ದು?" ಎಂದರು.

ಹುಡುಗ ಕುರ್ಚಿಯ ಹಿಂದೆ ಸರಿದ. "ಸಾರಿ ಸಾರ್. ಹಾರ್ನ್ ತೆಗೆಯಕ್ಕೋಗಿ ಮಿಸ್ಟೇಕ್ ಆಗೋಯ್ತು."

"ಮಿಸ್ಟೇಕಾ? ಏಳನ್ನ ಎಂಟರ ಮೇಲೆ ಯಾರಾದ್ರೂ ಮಿಸ್ಟೇಕಲ್ಲಿ ಕೂರಿಸ್ತಾರೇನಯ್ಯಾ? ಯಾರ ಹತ್ರ ಪಾಠ?"

"ಯಾರ ಹತ್ರಾನೂ ಇಲ್ಲ ಸಾರ್. ದೇವ್ರಾಣೆ."

"ನೋಡಮ್ಮ" ಎಂದರು ತಾತ ನನ್ನ ಕಡೆ ತಿರುಗಿ, "ವಿದ್ಯೆ ಇದ್ದೋರಿಗೆ ಇಷ್ಟು ವಿನಯ ಇರ್ಬೇಕು." ಅವರು ಇವತ್ತಿಗೂ ಹಾಗೆಯೇ ನಂಬಿದ್ದಾರೆ. ಹುಡುಗ ಈಗ ಅದನ್ನು ಅಲ್ಲಗಳೆಯುವುದನ್ನೂ ಬಿಟ್ಟಿದ್ದಾನೆ.

ಮುಂದಿನ ಶುಕ್ರವಾರ ವಿಡಿಯೋ ಹಾಕಿ ನೋಡಿದೆವು. ನನ್ನ ನೆನಪಿನಷ್ಟು ಕರಾರುವಾಕ್ಕಾಗಿ ಅವಳು ಇಳಿದಿಲ್ಲ, ಚೂರು ತಡ. 'ಹೋ' ಮಾತ್ರ ನನ್ನ ನೆನಪಿಗಿಂತ ದೊಡ್ಡದಾಗಿತ್ತು. ಆದರೆ ಮುಖ್ಯವಾದದ್ದನ್ನು ನೋಡಲು ನಾವೆಲ್ಲ ಪರದೆಗೆ ಮೂಗು ತಾಗಿಸಿ ನಿಂತೆವು: ಕೈ. ತಾತ ಮನೆಯಲ್ಲಿ, "ನಾನೆಲ್ಲಿ ನಿಲ್ಲಿಸಿದ್ದೆ? ಎಣಿಸ್ತಾ ಇದ್ದೆ" ಎನ್ನುತ್ತಿದ್ದಾರಂತೆ. ನಿಂತಿತು ಎಂದು ಹುಡುಗಿ. ನಿಂತಿತು ಎಂದು ನನ್ನ ಡೈರಿ. ವಿಡಿಯೋದಲ್ಲಿ ಸರಿಯಾಗಿ ಆ ಹೊತ್ತಿಗೆ ಒಂದು ಹಳದಿ ಬಲೂನು ತೇಲಿ ಬಂದು ತಾತನ ಕೈಯನ್ನು ಪೂರ್ತಿ ಮುಚ್ಚುತ್ತದೆ. ಬಲೂನು ಸರಿದಾಗ ಎರಡೂ ಕೈ ತಾಳ ಹಾಕುತ್ತಿವೆ.

"ಹೋಗ್ಲಿ ಬಿಡಿ ಮಿಸ್" ಎಂದಳು ಹುಡುಗಿ. "ಈಗ ಸಂಜೆ ಹೊತ್ತು ಬೇರೆ ಥರ. ಈ ಏಳೆಂಟ್ಲ ಹೇಗೆ ಹಾಡೋದು ಅಂತ ತಾತನೇ ಹಾಡಿ ನೋಡ್ತಾರೆ. ನಾನು ಎದುರು ಕೂತು ತಾಳ ಹಾಕ್ತೀನಿ."

"ಅವರು ತಪ್ಪಿದ್ರೆ?"

ಅವಳು ಲ್ಯಾಪ್‌ಟಾಪ್ ಹುಡುಗನ ಕಡೆ ನೋಡಿದಳು, ಮತ್ತೆ ನನ್ನ ಕಡೆ. ನಗು ತಡೆಯಲಾಗದೆ ಕೆನ್ನೆ ಉಬ್ಬಿತ್ತು.

"ಒಂದೇ ಒಂದ್ಸಲ ನಿಲ್ಲಿಸ್ದೆ ಮಿಸ್. ಗಾಳೀಲಿ. ಅವ್ರು ನನ್ ಕೈ ನೋಡ್ಕೊಂಡು, ಅದೇ ತಪ್ಪನ್ನ ಮತ್ತೆ ಹಾಡಿದ್ರು!"