ಅಂಗೈ ಮೇಲಿನ ಹತ್ತು ನಿಮಿಷ

ಅಜ್ಜಂಪುರದ ವಿಮಲಮ್ಮ ಯಾರಿಗೂ ಹೆದರಿದ ಹೆಂಗಸಲ್ಲ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಸಾರು ಕುದಿಸುವವಳು; ತಪಾಸಣೆಗೆ ಬಂದ ಸಾಹೇಬರಿಗೇ ಸೌಟು ತೋರಿಸಿ ಮಾತಾಡಿದವಳು. ಅಂಥವಳು ಈಗ ಬೆಳಗಾದರೆ ತನ್ನ ಎಡಗೈಗೆ ಹೆದರುತ್ತಿದ್ದಳು.

ನಲವತ್ತಾರಕ್ಕೇ ಸಂಧಿವಾತ ಅಮರಿಕೊಂಡಿತ್ತು. ಎದ್ದ ಮೇಲೆ ಗಂಟೆಗಟ್ಟಲೆ ಬೆರಳು ಮಡಚಲೂ ಬಾರದು, ಚಾಚಲೂ ಬಾರದು. ನೋವನ್ನು ಹೇಗೋ ನುಂಗಿಕೊಂಡಾಳು. ಆದರೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆಗೆ ಕೂತರೆ ಕೈ ನಡುಗುತ್ತಿತ್ತು. ಜಾರಿ ನೆಲಕ್ಕೆ ಬಿದ್ದರೆ? ಲಿಂಗ ಕೈಬಿಟ್ಟವರು ಜೀವ ಇಟ್ಟುಕೊಳ್ಳಬಾರದು ಎಂದು ಅಜ್ಜಿ ಹೇಳಿದ್ದು ಚಿಕ್ಕಂದಿನಿಂದ ತಲೆಯಲ್ಲಿ ಕೂತಿತ್ತು.

ಒಂದು ದಿನ ಜಾರಿಯೇ ಬಿಟ್ಟಿತು. ಪುಣ್ಯಕ್ಕೆ ಮಡಿಲಿಗೆ ಬಿತ್ತು; ಆದರೂ ಅವಳ ಜೀವ ಬಾಯಿಗೆ ಬಂತು. ಅಂದಿನಿಂದ ಕೋಣೆಯ ಬಾಗಿಲು ಹಾಕಿಕೊಂಡು, ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮುಚ್ಚಳವನ್ನೂ ತೆರೆಯದೆ, ಬರೀ ವಿಭೂತಿ ಬಳಿದುಕೊಂಡು ಹೊರಗೆ ಬರತೊಡಗಿದಳು.

"ಪೂಜೆ ಆಯ್ತೇನೇ?" ಎನ್ನುವನು ಗಂಡ ಷಣ್ಮುಖಪ್ಪ.

"ಆಯ್ತು ಕಣ್ರೀ."

ದಿನಾ ಸುಳ್ಳು, ಅದೂ ಹಣೆ ತುಂಬ ವಿಭೂತಿ ಇಟ್ಟುಕೊಂಡು! ಒಂದು ಭಯಕ್ಕೆ ಇನ್ನೊಂದು ಸೇರಿ ನಿದ್ದೆ ಹಾರಿಹೋಯಿತು. ಮಂಡಿಗಳೂ ಊದಿಕೊಂಡವು.

ಮೂರು ತಿಂಗಳಾದ ಮೇಲೆ ಷಣ್ಮುಖಪ್ಪನೇ ಅವಳನ್ನು ಕಡೂರಿನ ಡಾಕ್ಟರ್ ಸುಮನಾ ಹತ್ತಿರ ಕರೆದೊಯ್ದ.

"ಮೈ ಕಾಯ್ಬೇಕಾದ ಶಕ್ತಿನೇ ತಪ್ಪು ತಿಳ್ಕೊಂಡು ಕೀಲುಗಳ ಮೇಲೆ ಬಿದ್ದಿದೆ ಕಣಮ್ಮ," ಎಂದರು ಡಾಕ್ಟರು. "ಚಿಂತೆ, ಹೆದ್ರಿಕೆ ಜಾಸ್ತಿಯಾದ್ರೆ ಎಷ್ಟೋ ಜನಕ್ಕೆ ಅದು ಇನ್ನೂ ಕೆರಳುತ್ತೆ. ಮಾತ್ರೆ ಮಾತ್ರ ತಪ್ಪಿಸ್ಬೇಡಿ. ಜೊತೆಗೆ ದಿನಾ ಹತ್ತು ನಿಮಿಷ ಒಂದ್ಕಡೆ ಕೂತು, ಒಂದನ್ನೇ ನೋಡ್ತಾ ನಿಧಾನಕ್ಕೆ ಉಸಿರಾಡಿ."

"ಅದನ್ನ ಇವ್ಳು ದಿನಾ ಮಾಡ್ತಾಳಲ್ಲ ಡಾಕ್ಟ್ರೇ, ಪೂಜೆಲಿ!" ಎಂದ ಷಣ್ಮುಖಪ್ಪ, ಹೆಮ್ಮೆಯಿಂದ.

ವಿಮಲಮ್ಮ ಗಂಡನ ಕಡೆ ತಿರುಗಿದಳು. "ಇಲ್ಲ ಕಣ್ರೀ. ಲಿಂಗ ಕೈಗೆ ತಗೊಂಡು ಮೂರ್ ತಿಂಗ್ಳಾಯ್ತು. ಬಿದ್ಬಿಟ್ರೆ ಅಂತ ಭಯ."

ಬಸ್ಸು ಬೀರೂರು ದಾಟಿ ಅಜ್ಜಂಪುರ ಮುಟ್ಟುವವರೆಗೂ ಷಣ್ಮುಖಪ್ಪ ಕಿಟಕಿಯಾಚೆಗೇ ನೋಡುತ್ತ ಕೂತ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳ ಹಿಂದೆಯೇ ಅವನೂ ಕೋಣೆಯೊಳಗೆ ಬಂದು ಎದುರಿಗೆ ಕೂತ. ಕರಡಿಗೆಯ ಬಿಗಿದ ಮುಚ್ಚಳವನ್ನು ತಿರುಗಿಸಿ ತೆಗೆದುಕೊಟ್ಟ.

"ಬ್ಯಾಡ ಕಣ್ರೀ, ನಿಮ್ ದಮ್ಮಯ್ಯ."

"ತಗೊಳೇ."

ಅವಳು ಲಿಂಗವನ್ನು ಅಂಗೈ ಮೇಲಿಟ್ಟುಕೊಂಡಳು. ಕೈ ನಡುಗಿತು. ಷಣ್ಮುಖಪ್ಪ ತನ್ನ ಎರಡೂ ಕೈಗಳನ್ನು ಜೋಡಿಸಿ ಅವಳ ಕೈಯ ಕೆಳಗೆ ಹಿಡಿದ.

"ಬೀಳಲ್ಲ. ಉಸಿರಾಡು," ಎಂದ.

ಅವನ ಕೈಗಳೂ ನಡುಗುತ್ತಿದ್ದವು.