ಶಿವಗಂಗವ್ವ ದಾಂಡೇಲಿ ನೋಡಲು ಹೋದದ್ದು

ಗುಡಗೇರಿಗೆ ಬಂದು ಶಿವಗಂಗವ್ವನ ಮನೆ ಕೇಳಿದರೆ ಯಾವ ಶಿವಗಂಗವ್ವ ಎನ್ನುತ್ತಾರೆ. ಊರು ನೋಡುವ ಶಿವಗಂಗವ್ವ ಎಂದರೆ ಬಾಗಿಲವರೆಗೂ ಬಂದು ತೋರಿಸುತ್ತಾರೆ. ಅವಳು ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಒಂದೇ ಒಲೆಯ ಮುಂದೆ ಇಬ್ಬರೂ ಮುದುಕಿಯರಾದೆವು. ಇಬ್ಬರ ಗಂಡಂದಿರೂ ಈಗಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಹೊಲಕ್ಕೆ ಬುತ್ತಿ ಒಯ್ಯುವಾಗ ಸ್ಟೇಷನ್ ಸುತ್ತು ಹಾಕಿಕೊಂಡೇ ಹೋಗುತ್ತಿದ್ದಳು. ರೈಲು ಬರುವವರೆಗೆ ನಿಂತು, ಕಿಟಕಿಯಲ್ಲಿ ಕೂತವರ ಮುಖ ನೋಡಿ, ಆಮೇಲೆ ಹೊಲ. ರೊಟ್ಟಿ ಆರಿದ್ದಕ್ಕೆ ಮೈದುನ ಬೈದರೆ, “ರೊಟ್ಟಿ ನಾಳೆನೂ ಬಿಸಿ ಸಿಗತಾವು, ಆ ಮಂದಿ ಮತ್ತ ಸಿಗತಾರೇನ್ರಿ?” ಎನ್ನುತ್ತಿದ್ದಳು. ಉಳಿದವರು ದೇವರಿಗೆಂದು ಹೋಗಿ ಊರು ನೋಡಿ ಬರುತ್ತಾರೆ. ಇವಳು ಊರು ನೋಡಲಿಕ್ಕೆಂದೇ ಹೋಗುತ್ತಿದ್ದಳು, ಹಾದಿಯಲ್ಲಿ ಗುಡಿ ಬಂದರೆ ಕೈ ಮುಗಿಯುತ್ತಿದ್ದಳು.

ಹಾಗೆಂದು ಅವಳಿಗೆ ಭಕ್ತಿ ಕಡಿಮೆ ಎಂದು ತಿಳಿಯಬಾರದು. ಹುಟ್ಟಿದಾಗ ಅಯ್ಯನವರು ಕೊರಳಿಗೆ ಕಟ್ಟಿದ ಲಿಂಗವನ್ನು ಅವಳು ಮೈಯಿಂದ ದೂರ ಮಾಡಿದವಳಲ್ಲ. ದಿನಾ ಅದನ್ನು ಎಡಗೈಯ ಅಂಗೈಯಲ್ಲಿ ಇಟ್ಟು ಪೂಜೆ ಮಾಡಬೇಕು. ಪೂಜೆ ಆಗದೆ ಹನಿ ನೀರು ಸಹ ಬಾಯಿಗೆ ಹಾಕುವಂತಿಲ್ಲ. ನಮ್ಮ ಮನೆಗಳಲ್ಲಿ ಈಗ ಚಹಾ ಕುಡಿದು ಪೂಜೆಗೆ ಕೂಡುವವರೂ ಇದ್ದಾರೆ. ಅವಳು ಇಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಗರ್ಭಚೀಲ ತೆಗೆಯುವ ದಿನ ಕೊರಳಲ್ಲಿ ಏನೂ ಇರಬಾರದು ಎಂದರು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತಲೆಗೆ ಕಟ್ಟಿಸಿಕೊಂಡು ಒಳಗೆ ಹೋದಳು. “ಕೊರಳಾಗ ಬ್ಯಾಡ ಅಂದ್ರಲ್ಲ, ತಲಿ ಮ್ಯಾಲ ಐತಿ,” ಎಂದಳಂತೆ. ಡಾಕ್ಟರು ನಕ್ಕು ಬಿಟ್ಟರಂತೆ.

ಆಮೇಲೆ ಸಕ್ಕರೆ ಬೇನೆ ಬಂತು. ಸೊಸೆ ರೋಹಿಣಿ ಬೆಳಿಗ್ಗೆ ಎದ್ದ ಕೂಡಲೇ ಅತ್ತೆಯ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚುತ್ತಾಳೆ. ಸೂಜಿ, ಆಮೇಲೆ ಪೂಜೆ, ಪೂಜೆ ಮುಗಿದ ಕೂಡಲೇ ರೊಟ್ಟಿ. ಸೂಜಿ ಆದ ಮೇಲೆ ಊಟ ತಡವಾದರೆ ಮೈಯೊಳಗಿನ ಸಕ್ಕರೆ ಪೂರಾ ಇಳಿದು ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ರೋಹಿಣಿ ರೊಟ್ಟಿ ತಟ್ಟೆ ಹಿಡಿದೇ ದೇವರ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮನೆಯಲ್ಲಿ ಈ ಕ್ರಮ ಒಂದು ದಿನವೂ ತಪ್ಪಿರಲಿಲ್ಲ.

ಹೋದ ವರ್ಷ ಕಡಲೆ ಕಿತ್ತ ಮೇಲೆ ಶಿವಗಂಗವ್ವ ದಾಂಡೇಲಿ ನೋಡಬೇಕೆಂದು ಹಟ ಹಿಡಿದಳು. ಕುರುಬರ ಓಣಿಯ ದೇವಕ್ಕ ಅವಳ ಗೆಳತಿ. ಹರೆಯದಿಂದಲೂ ಮೆಣಸಿನಕಾಯಿ ಬಿಡಿಸಲು ಕೂಡಿಯೇ ಹೋದವರು. ದೇವಕ್ಕನ ಮಗ ಬೀರೇಶನದು ಸ್ವಂತ ಕ್ರೂಸರ್ ಗಾಡಿ. ಅವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವನ ಗಾಡಿಯಲ್ಲಿ ಶಿವಗಂಗವ್ವ, ರೋಹಿಣಿ, ದೇವಕ್ಕ, ನಾನು, ನಾಲ್ವರು ಹೆಂಗಸರು ಹೊರಟೆವು.

ಕಲಘಟಗಿ ದಾಟಿ ಹಳಿಯಾಳದ ಹಾದಿ ಹಿಡಿದ ಮೇಲೆ ಕಪ್ಪು ನೆಲ ಮುಗಿದು ಕೆಂಪು ನೆಲ ಬಂತು, ಆಮೇಲೆ ನೆಲವೇ ಕಾಣದಷ್ಟು ಗಿಡ. ಮೊದಲ ದಿನ ಕಾವಳದ ಗವಿ ನೋಡಿದೆವು. ದಂಡೇಲಪ್ಪನ ಗುಡಿಯ ಹತ್ತಿರ ಹೊಳೆಯ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲಿಗೆ ಬಿದ್ದುಕೊಂಡಿದ್ದವು. ಬಾಯಿ ತೆರೆದುಕೊಂಡಿದ್ದ ಒಂದನ್ನು ತೋರಿಸಿ ದೇವಕ್ಕ, “ಥೇಟ್ ನಮ್ಮ ದೊಡ್ಡ ಬೀಗತಿ ನೋಡಬೇ,” ಎಂದಳು. ಹಳದಿ ಕೊಕ್ಕಿನ ದೊಡ್ಡ ಮಂಗಟ್ಟೆ ಹಕ್ಕಿ ತಲೆಯ ಮೇಲೆ ಹಾರಿದಾಗ ಅದರ ರೆಕ್ಕೆಯ ಸಪ್ಪಳ ರಾಶಿ ತೂರುವ ಸಪ್ಪಳದಂತೆ ಕೇಳಿತು. ಶಿವಗಂಗವ್ವ ಕುತ್ತಿಗೆ ನೋಯುವ ತನಕ ನೋಡಿದಳು.

ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಕಾಳಿ ಹೊಳೆ. ನಮ್ಮ ಕಡೆ ಇರುವುದು ಹಳ್ಳ, ಕೆರೆ. ಮಳೆ ಬಂದರೆ ನೀರು, ಹೋದರೆ ಮಣ್ಣು. ಹರಿಯುವ ನೀರಿನ ಜೊತೆ ಹೇಗಿರಬೇಕೆಂದು ನಮಗೆ ಗೊತ್ತಿಲ್ಲ. ಇಳಿದುಕೊಂಡಿದ್ದ ವಸತಿಮನೆಯ ಹಿಂದೆಯೇ ಹೊಳೆ. ಮರುದಿನ ಬೆಳಿಗ್ಗೆ ಸೂಜಿ ಆದ ಮೇಲೆ ಅವಳು ಹೇಳಿದಳು, “ಹುಟ್ಟಿದಾಗಿಂದ ಕೊಡದ ನೀರಾಗ ಪೂಜಿ ಮಾಡೀನಿ. ಇವತ್ತ ಹರಿಯೂ ನೀರಾಗ ಮಾಡ್ತೀನಿ.”

ರೋಹಿಣಿ ರೊಟ್ಟಿ ಡಬ್ಬಿ ಹಿಡಿದು ಹಿಂದೆ ಹೊರಟಳು. ನಾನೂ ದೇವಕ್ಕನೂ ಹೊರಟೆವು. ನೀರು ತಗ್ಗಿನಲ್ಲಿತ್ತು, ಬಂಡೆಗಳು ಎದ್ದು ಕಾಣುತ್ತಿದ್ದವು. ಶಿವಗಂಗವ್ವ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ವಿಭೂತಿ ಹಚ್ಚಿಕೊಂಡಳು. ಕೊರಳಿನ ಬೆಳ್ಳಿಯ ಗುಂಡಗಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಅಂಗೈಗೆ ಇಟ್ಟುಕೊಂಡಳು. ಅಭಿಷೇಕಕ್ಕೆ ಬಲಗೈಯಿಂದ ನೀರು ತೆಗೆದುಕೊಳ್ಳಲು ಬಗ್ಗಿದಳು. ಬಂಡೆಯ ಅಂಚಿಗೆ ಹಾವಸೆ ಬೆಳೆದಿದ್ದು ನಮಗಾರಿಗೂ ಕಂಡಿರಲಿಲ್ಲ. ಕಾಲು ಜಾರಿತು. ಬೀಳದಿರಲು ಎಡಗೈ ಊರಿದಳು. ಲಿಂಗ ಬಂಡೆಗೆ ಟಪ್ಪೆಂದು ಬಡಿದು ನೀರಿಗೆ ಹೋಯಿತು.

ಅವಳು ಖಾಲಿ ಅಂಗೈ ಹಾಗೆಯೇ ಹಿಡಿದು ಕೂತಳು.

“ಅಕ್ಕಾ,” ಎಂದಳು ನನಗೆ. “ಹೋತು.”

ಲಿಂಗ ಕಳೆದರೆ ಜೀವವನ್ನೇ ಬಿಟ್ಟವರ ಕತೆ ಕೇಳುತ್ತ ಬೆಳೆದವರು ನಾವು. ರೋಹಿಣಿಯ ಕಣ್ಣು ಮಾತ್ರ ಅತ್ತೆಯ ಹೊಟ್ಟೆಯ ಮೇಲಿತ್ತು. ಸೂಜಿ ಒಳಗೆ ಹೋಗಿ ಆಗಿತ್ತು.

ಸುದ್ದಿ ಕೇಳಿ ಬೀರೇಶ ಅಂಗಿ ತೆಗೆಯುತ್ತಲೇ ಓಡಿ ಬಂದ. ಹರಿಗೋಲು ನಡೆಸುವವನೊಬ್ಬ ಹಿಂದೆಯೇ ಬಂದು ತಡೆದ.

“ಇಳೀಬೇಡಿ ಮಾರಾಯ್ರೆ. ಇಲ್ಲಿ ಮೊಸಳೆ ಇರ್ತವೆ. ಮೇಲಿಂದ ಡ್ಯಾಮಿನ ನೀರು ಬಿಡೋ ಹೊತ್ತೂ ಆಯ್ತು. ನೀರು ಬಂದ್ರೆ ಈ ಬಂಡೆ ಯಾವುದೂ ಕಾಣೂದಿಲ್ಲ.”

“ಬರೂತನ ಹುಡುಕ್ತೀನ್ರಿ,” ಎಂದು ಬೀರೇಶ ಇಳಿದೇಬಿಟ್ಟ.

ನೀರು ಅವನ ಸೊಂಟದವರೆಗೆ ಇತ್ತು. ಬಂಡೆಗಳ ಸಂದಿಗೆ ಕೈ ಹಾಕಿ ಹಿಡಿ ಹಿಡಿ ಉಸುಕು, ಹರಳು ತೆಗೆದು ದಂಡೆಗೆ ಹಾಕುತ್ತಿದ್ದ. ನಾನೂ ರೋಹಿಣಿಯೂ ಅದನ್ನು ಕೆದರಿ ನೋಡುತ್ತಿದ್ದೆವು. ಕಪ್ಪು ಹರಳುಗಳೇ ಎಲ್ಲ. ಒಂದೊಂದನ್ನೂ ಲಿಂಗವೆಂದು ಎತ್ತುವುದು, ಅಲ್ಲವೆಂದು ಇಡುವುದು. ಹರಿಗೋಲಿನವನು ಕೋಲು ಹಿಡಿದು ಹೊಳೆಯ ನಡುವೆ ಮೊಸಳೆ ತೇಲಿ ಬರುತ್ತದೆಯೋ ಎಂದು ಕಾಯುತ್ತಿದ್ದ. ದೇವಕ್ಕ ಮಗನಿಗೆ ಬೇಡ ಎನ್ನಲೂ ಇಲ್ಲ, ಹುಡುಕು ಎನ್ನಲೂ ಇಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು.

“ಗಂಗವ್ವಾ,” ಎಂದೆ ನಾನು. “ಸದ್ಯಕ್ಕ ನನ್ನ ಲಿಂಗ ತಗೋ. ಪೂಜಿ ಮಾಡಿ ಒಂದೀಟು ನೀರು ಕುಡಿ.”

ಅವಳು ನನ್ನ ಕಡೆ ತಿರುಗಿದಳು. “ನಿನ್ನ ಗಂಡನ್ನ ನನಗ ಕಡಾ ಕೊಡ್ತಿ ಏನಬೇ?”

ಅಂಥ ಹೊತ್ತಿನಲ್ಲೂ ನಗು ಬಂದು ದೇವಕ್ಕನ ಬಾಯಿಂದ ಸೆರಗು ಜಾರಿತು. ಆದರೆ ಅದು ಚೇಷ್ಟೆಯ ಮಾತಾಗಿರಲಿಲ್ಲ. ನಮ್ಮಲ್ಲಿ ಲಿಂಗವೇ ಗಂಡ, ಒಬ್ಬರ ಲಿಂಗ ಇನ್ನೊಬ್ಬರಿಗೆ ಬರುವುದಿಲ್ಲ. ನನಗೂ ಗೊತ್ತಿತ್ತು. ಹೆದರಿಕೆಗೆ ಅಂದಿದ್ದೆ.

ಆಗ ನೀರಿನ ಬಣ್ಣ ಬದಲಾಯಿತು. ಕೆಳಗಿನ ಬಂಡೆಗಳ ನೆತ್ತಿ ಒಂದೊಂದೇ ಮುಳುಗಿದವು. ಬೀರೇಶನ ಸೊಂಟಕ್ಕಿದ್ದ ನೀರು ಎದೆಗೆ ಬಂತು. ಅವನು ಮೂಗು ಹಿಡಿದು ಒಳಗೆ ಮುಳುಗಿ ಎದ್ದ. ಎದ್ದಾಗ ಮೊದಲಿದ್ದ ಜಾಗದಲ್ಲಿ ಇರಲಿಲ್ಲ. ನೀರು ಅವನನ್ನು ಅಷ್ಟು ದೂರ ತಳ್ಳಿತ್ತು.

“ಬೀರ್ಯಾ, ಮ್ಯಾಲ ಬಾ,” ಎಂದಳು ಶಿವಗಂಗವ್ವ.

“ಇನ್ನೊಂದ ಸಲ ಅವ್ವಾರ, ಕೈಗಿ ಏನೋ ಹತ್ತಿದಂಗಾತು.”

“ಬಾ ಅಂದ್ರ ಬಾ! ನನ್ನ ದೇವ್ರು ಹೊಳೀಗೆ ಹೋಗ್ಯಾನ, ಅವಗ ಈಜು ಬರತೈತಿ. ನಿನಗ ಬರೂದಿಲ್ಲ. ನಿಮ್ಮವ್ವನ ಮಾರಿ ನೋಡು ಒಮ್ಮಿ!”

ಬೀರೇಶ ತಾಯಿಯ ಕಡೆ ನೋಡಿದ. ಹರಿಗೋಲಿನವನು ಕೋಲು ಚಾಚಿದ. ಅದನ್ನು ಹಿಡಿದು ಅವನು ದಂಡೆಗೆ ಬರುವಷ್ಟರಲ್ಲಿ ಶಿವಗಂಗವ್ವ ಕೂತಿದ್ದ ಬಂಡೆಯೂ ನೀರೊಳಗೆ ಹೋಯಿತು. ದೇವಕ್ಕ ಮಗನ ಒದ್ದೆ ಬೆನ್ನಿಗೆ ಒಂದು ಗುದ್ದು ಹಾಕಿದಳು. ಆಮೇಲೆ ಆ ಬೆನ್ನನ್ನೇ ಸೆರಗಿನಿಂದ ಒರೆಸಿದಳು.

ಶಿವಗಂಗವ್ವನ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಬೆಳಗಿನ ಚಳಿ ಇನ್ನೂ ಹೋಗಿರಲಿಲ್ಲ. ಅಷ್ಟು ಚಳಿಯಲ್ಲಿ ಆ ಬೆವರು ಕಂಡು ರೋಹಿಣಿ ಡಬ್ಬಿಯಿಂದ ಬೆಲ್ಲದ ತುಂಡು ತೆಗೆದಳು.

“ಅತ್ತೀ, ಕೈ ಮುಗೀತೀನ್ರಿ. ಇಷ್ಟ ಬಾಯಾಗ ಹಾಕ್ಕೋರಿ.”

“ಆಗೂದಿಲ್ಲ.”

“ಹಂಗಾರ ದವಾಖಾನಿಗೆ ನಡೀರಿ. ಗ್ಲುಕೋಸ್ ಬಾಟ್ಲಿ ಹಚ್ಚಸೂಣು.”

“ಬಾಯಿಲೇ ಹೋದ್ರೂ ರಗತದಾಗ ಹೋದ್ರೂ ಊಟ ಊಟನ. ನೀರೂ ಕುಡಿಯಾಕಿ ಅಲ್ಲ ನಾ. ಅಯ್ಯಾರನ್ನ ಹುಡುಕ್ರಿ. ಅಯ್ಯಾರು ಹೊಸ ಲಿಂಗ ಕೊಟ್ರ ತಿಂತೀನಿ, ಇಲ್ಲಾಂದ್ರ ಇಲ್ಲ.”

ರೋಹಿಣಿ ಬೆಲ್ಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳು ಅತ್ತೆಗೆ ಎದುರಾಡಿದ್ದನ್ನು ನಾನು ಅಂದೇ ಕೇಳಿದ್ದು. “ಎಚ್ಚರ ಇರೂತನ ನಿಮ್ಮ ಮಾತು ನಡೀತೈತಿ ಅತ್ತೀ. ಎಚ್ಚರ ತಪ್ಪಿದಿರಿ ಅಂದ್ರ ನನ್ನ ಮಾತು. ಆವಾಗ ಈ ಬೆಲ್ಲ ನಿಮ್ಮ ವಸಡಿಗೆ ತಿಕ್ತೀನಿ. ಆಮ್ಯಾಲ ಬೇಕಾದ್ರ ನನ್ನ ಮನಿ ಬಿಟ್ಟು ಹೊರಗ ಹಾಕ್ರಿ.”

“ಹಂಗಾರ ಎಚ್ಚರ ಇರ್ತೀನಿ,” ಎಂದಳು ಶಿವಗಂಗವ್ವ.

ನಮ್ಮವರ ಯಾತ್ರೆಯ ಊರಾದ ಉಳವಿಗೆ ಹೋದರೆ ಅಯ್ಯನವರು ಸಿಗುವುದು ಖರೆ. ಆದರೆ ಅದು ಕಾಡಿನ ತಿರುವಿನ ಹಾದಿ, ಅಲ್ಲಿಯವರೆಗೆ ಅವಳ ಜೀವ ತಾಳುವ ಹಾಗೆ ಕಾಣಲಿಲ್ಲ. ದಾಂಡೇಲಿ ಪೇಟೆಯಲ್ಲಿ ನಮಗೆ ಯಾರ ಗುರುತೂ ಇಲ್ಲ. ಬೀರೇಶನಿಗೆ ನೆನಪಾಯಿತು. “ಖಾನಾವಳಿ ಕೇಳೂಣು. ಜೋಳದ ರೊಟ್ಟಿ ಬಡಿಯೂವಲ್ಲಿ ನಮ್ಮ ಕಡೆಯವ್ರು ಇದ್ದ ಇರ್ತಾರು.” ಗಾಡಿಯನ್ನು ಅವನು ಒದ್ದೆ ಚಣ್ಣದಲ್ಲೇ ಓಡಿಸಿದ. ಹಿಂದಿನ ಸೀಟಿನಲ್ಲಿ ಶಿವಗಂಗವ್ವ ನನ್ನ ಹೆಗಲಿಗೆ ಒರಗಿದ್ದಳು. ಅವಳ ಬೆರಳು ನನ್ನ ಮೊಣಕಾಲ ಮೇಲೆ ನಡುಗುತ್ತಿದ್ದವು. ರೋಹಿಣಿ ಅವಳ ಎದುರಿಗೆ ಕೂತು ಕಣ್ಣು ಮುಚ್ಚಗೊಡದೆ ಮಾತಾಡಿಸುತ್ತಿದ್ದಳು.

“ನಿನ್ನೆ ಏನೇನು ನೋಡಿದ್ವಿ, ಹೇಳ್ರಿ.”

“ಗವಿ.”

“ಆಮ್ಯಾಲ?”

“ದೇವಕ್ಕನ ಬೀಗತಿ.”

“ಹಕ್ಕಿ ಹ್ಯಾಂಗಿತ್ರಿ?”

ಅದಕ್ಕೆ ಉತ್ತರ ಬರಲಿಲ್ಲ. “ಅತ್ತೀ! ಹಕ್ಕಿ!” ಎಂದು ರೋಹಿಣಿ ಗಲ್ಲ ತಟ್ಟಿದಳು. “ಮೂಗ... ದೊಡ್ಡದು,” ಎಂದಳು. ಮಾತು ತೊದಲುತ್ತಿತ್ತು.

ಖಾನಾವಳಿ ಸಿಕ್ಕಿತು. ನಡೆಸುವಾಕೆ ಅಣ್ಣಿಗೇರಿ ಕಡೆಯವಳು. ಬೀರೇಶನ ಮಾತು ಮುಗಿಯುವ ಮೊದಲೇ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಹಿಂದಿನ ಓಣ್ಯಾಗ ನಮ್ಮ ಅಯ್ಯಾರು ಅದಾರ, ಕೂಸಿಗೆ ಲಿಂಗ ಕಟ್ಟಾಕ ಅವ್ರ ಬರ್ತಾರ,” ಎಂದು ಓಡಿದಳು. ನಾವು ಶಿವಗಂಗವ್ವನನ್ನು ಒಳಗಿನ ಬಾಕಿನ ಮೇಲೆ ಕೂಡಿಸಿದೆವು. ಒಲೆಯ ಮೇಲೆ ರೊಟ್ಟಿ ಉಬ್ಬುವ ವಾಸನೆ, ಪಕ್ಕದಲ್ಲಿ ತಂಬಿಗೆ ತುಂಬ ನೀರು. ಅವಳು ಅದರ ಕಡೆ ನೋಡಲಿಲ್ಲ. ತಲೆ ಎದೆಯ ಮೇಲೆ ಬೀಳುತ್ತಿತ್ತು, ಎತ್ತುತ್ತಿದ್ದಳು, ಮತ್ತೆ ಬೀಳುತ್ತಿತ್ತು. ರೋಹಿಣಿ ಮುಷ್ಟಿ ತೆರೆದಳು. ಬೆಲ್ಲ ಕರಗಿ ಅಂಗೈಗೆ ಅಂಟಿತ್ತು.

“ಇನ್ನ ನಾ ಕಾಯೂದಿಲ್ಲ ದೊಡ್ಡವ್ವಾರ,” ಎಂದಳು ನನಗೆ.

ಬೇಡ ಎನ್ನುವ ಧೈರ್ಯ ನನಗೆ ಇರಲಿಲ್ಲ. ಹಾಕು ಎನ್ನುವುದೂ ಆಗಲಿಲ್ಲ.

ಅಷ್ಟರಲ್ಲಿ ಅಯ್ಯನವರು ಬಂದರು. ವಯಸ್ಸಾದವರು, ಸ್ನಾನ ಮುಗಿಸಿ ಹಾಗೆಯೇ ಎದ್ದು ಬಂದಿದ್ದರು, ಹೆಗಲ ಮೇಲೆ ಹಸಿ ಪಂಚೆ. ಬರಿಯ ಒಂದು ನೋಟಕ್ಕೇ ಅವರಿಗೆ ತಿಳಿಯಿತು.

“ಏಳೂದು ಬ್ಯಾಡ ತಾಯಿ. ಅಂಗೈ ಅಷ್ಟ ಹಿಡಿ. ಉಳಿದದ್ದು ನಾ ಮಾಡ್ತೀನಿ.”

ಜೋಳಿಗೆಯಿಂದ ಹೊಸ ಲಿಂಗ ತೆಗೆದು, ವಿಭೂತಿ ಹಚ್ಚಿ, ಮಂತ್ರ ಹೇಳುತ್ತ ಅವಳ ಅಂಗೈಗೆ ಇಡಲು ಹೋದರು. ಅಂಗೈ ನಿಲ್ಲುತ್ತಿರಲಿಲ್ಲ. ಕಾಳು ಕೇರುವ ಮೊರದಂತೆ ಅದು ಅಲ್ಲಾಡುತ್ತಿತ್ತು. ಇಟ್ಟರೆ ಇದೂ ಬೀಳುವುದು ಖಂಡಿತ. ನಾನು ಅವಳ ಬೆನ್ನು ಹಿಡಿದಿದ್ದೆ, ಬಿಡುವಂತಿರಲಿಲ್ಲ. ರೋಹಿಣಿಯ ಕೈ ಬೆಲ್ಲ ಅಂಟಿ ಎಂಜಲಿನಂತಾಗಿತ್ತು. ಬಾಗಿಲಲ್ಲಿ ದೇವಕ್ಕ ನಿಂತಿದ್ದಳು. ಅವಳ ಮನೆಯಲ್ಲಿ ಲಿಂಗ ಕಟ್ಟುವುದಿಲ್ಲ, ಆದ್ದರಿಂದ ಒಳಗೆ ಬಂದಿರಲಿಲ್ಲ.

“ನಾ ಹಿಡೀಬಹುದೇನ್ರಿ ಅಜ್ಜಾರ?”

“ಆಕಿ ಕೈ ನೀ ಎಂದೂ ಹಿಡಿದಿಲ್ಲೇನವಾ?” ಎಂದರು ಅಯ್ಯನವರು. “ಲಗೂ ಬಾ.”

ದೇವಕ್ಕ ನೆಲಕ್ಕೆ ಕೂತು ಶಿವಗಂಗವ್ವನ ಎಡಗೈಯನ್ನು ಕೆಳಗಿನಿಂದ ತನ್ನ ಎರಡೂ ಕೈಯಲ್ಲಿ ಹಿಡಿದಳು. ನಡುಕ ನಿಂತಿತು. ಲಿಂಗ ಅಂಗೈಯಲ್ಲಿ ಕೂತಿತು. ಅಯ್ಯನವರು ನೀರು ಎರೆದರು, ಒಂದು ಪತ್ರಿ ಇಟ್ಟರು. ಕಣ್ಣು ತೆರೆಯಲಾಗದಿದ್ದರೂ ಶಿವಗಂಗವ್ವನ ತುಟಿ ಮಂತ್ರದ ಜೊತೆ ಅಲ್ಲಾಡುತ್ತಿತ್ತು. ಒಂದು ಅಕ್ಷರವನ್ನೂ ಬಿಡಲಿಲ್ಲ. ಆ ಮಂತ್ರ ಅಷ್ಟು ಉದ್ದವಿದೆ ಎಂದು ನನಗೆ ಅಂದೇ ತಿಳಿದದ್ದು. ಬೀರೇಶ ಬೀದಿಯ ಕಡೆ ಮುಖ ಮಾಡಿ ಗಾಡಿಯ ಕೀಲಿ ಹಿಡಿದೇ ನಿಂತಿದ್ದ.

“ಕುಡಿಸ್ರಿ,” ಎಂದರು ಅಯ್ಯನವರು.

ಲಿಂಗದ ಮೇಲೆ ಎರೆದ ನೀರು ಅವಳ ತುಟಿಗೆ ಮುಟ್ಟಿತು. ಗಂಟಲು ಅಲ್ಲಾಡಿದ್ದನ್ನು ನಾವೆಲ್ಲ ನೋಡಿದೆವು. ಆ ನೀರು ಇಳಿದದ್ದೇ ತಡ, ರೋಹಿಣಿ ಅಂಗೈಗೆ ಅಂಟಿದ್ದ ಬೆಲ್ಲವನ್ನು ಬೆರಳಿನಿಂದ ಕೆತ್ತಿ ಅತ್ತೆಯ ಬಾಯಿಗೆ ತುಂಬಿದಳು. ಮತ್ತಿಷ್ಟು. ಮತ್ತಿಷ್ಟು. ಖಾನಾವಳಿಯಾಕೆ ಸಕ್ಕರೆ ಕಲಸಿದ ನೀರು ತಂದಳು. ಒಲೆಯ ಮೇಲಿದ್ದ ರೊಟ್ಟಿ ಸುಟ್ಟು ಕರಿಯಾಯಿತು, ಅದನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳ ಬೆವರು ಆರಿತು. ಕಣ್ಣು ತೆರೆದು ಮೊದಲು ಅಂಗೈ ನೋಡಿದಳು, ಆಮೇಲೆ ಅದರ ಕೆಳಗಿದ್ದ ದೇವಕ್ಕನ ಕೈ ನೋಡಿದಳು.

“ಬಿಡಬೇ ಇನ್ನ,” ಎಂದಳು.

“ನೀ ಸುಮ್ಮನ ಕೂಡು,” ಎಂದಳು ದೇವಕ್ಕ. “ನನ್ನ ಕೈಯ ಬಿಡವೊಲ್ದು.”

ಹೌದು, ಗೆಳತಿಯ ಕೈ ನಿಂತಿತ್ತು, ಈಗ ನಡುಗುತ್ತಿದ್ದದ್ದು ದೇವಕ್ಕನ ಕೈ. ಹೊಳೆಯ ದಂಡೆಯಿಂದ ಹಿಡಿದಿಟ್ಟುಕೊಂಡಿದ್ದ ಹೆದರಿಕೆಯೆಲ್ಲ ಅಲ್ಲಿ ಬಂದಿತ್ತು. ಶಿವಗಂಗವ್ವ ಲಿಂಗವನ್ನು ಗುಂಡಗಡಿಗೆಗೆ ಹಾಕಿ ಮುಚ್ಚಳ ಬಿಗಿದಳು. ಆಮೇಲೆ ಆ ಎರಡು ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೊರಗೆ ನಿಂತವನನ್ನು ಕೂಗಿದಳು.

“ಬೀರ್ಯಾ, ಒಣಾ ಅರಿವಿ ಹಾಕ್ಕೊಂಡು ಬಂದು ನಿಮ್ಮವ್ವನ ಬಾಜೂಕ ಕೂಡು. ರೊಟ್ಟಿ ತಿನ್ನೂಣು.”